ಓದುಗರ ಪ್ರಶ್ನೆ, ನಮ್ಮ ಉತ್ತರ: ಡೆಬೊರಾ ಕಾರ್ ಅವರ ಚಿತ್ರಜೀವನ

ಕಳೆದ ಸಂಚಿಕೆಯ ಈ ಅಂಕಣದಲ್ಲಿ 1956ರ ‘ದಿ ಕಿಂಗ್ ಅಂಡ್ ಐ’ ಚಿತ್ರದ ಬಗ್ಗೆ ಬಂದಿದ್ದ ಒಂದು ಪ್ರಶ್ನೆಗೆ ನಾಲ್ಕೇ ಸಾಲಿನಲ್ಲಿ ಉತ್ತರಿಸಿ ಮುಗಿಸಿದ್ದೆ. ಅಷ್ಟಕ್ಕೆ ಓದುಗರು ಬಿಡಲಿಲ್ಲ. ಆ ಚಿತ್ರದ ನಾಯಕಿಯ ಬಗ್ಗೆ ಇನ್ನಷ್ಟು ತಿಳಿಸಬೇಕೆಂದು ಪತ್ರಗಳು ಬಂದಿವೆ. ಹೀಗಾಗಿ ಈ ಬಾರಿಯ ಪುಟಗಳನ್ನು ಅವರೊಬ್ಬರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನೀವು ‘ಡೆಬೊರಾ ಕಾರ್’ ಎಂದು ಬರೆದಿದ್ದಿರಿ. ನಾವು ಇಷ್ಟು ವರ್ಷವೂ ‘ಕೆರ್’ ಎಂದೇ ಓದಿಕೊಂಡು ಬಂದಿದ್ದೇವೆ. ಯಾವುದು ಸರಿ? ಅವರು ಇಂಗ್ಲೆಂಡಿನವರೇ? (ಓದುಗರು, ಸಾಗರ)

ಉತ್ತರ: ‘ಕಾರ್’ ಎಂಬುದೇ ಸರಿ. ಅಮೆರಿಕದವರಿಗೂ ಈ ಹೆಸರು ಇದೇ ತೊಡಕನ್ನು ತಂದೊಡ್ಡಿತ್ತು. 1947ರಲ್ಲಿ ಅವರನ್ನು ಹಾಲಿವುಡ್‌ಗೆ ಕರೆಸಿಕೊಂಡ ಎಂಜಿಎಂ ಎಂಬ ಚಿತ್ರ ನಿರ್ಮಾಣ ಸಂಸ್ಥೆಯು, ಈ ಹೆಸರಿನ ಉಚ್ಚಾರವು ‘ಸ್ಟಾರ್’ ಎಂಬ ಪದಕ್ಕೆ ಪ್ರಾಸವಾಗುತ್ತದೆ ಎಂದೇ ಜಾಹೀರಾತು ಕೊಟ್ಟು ಜನರ ನಾಲಗೆಯನ್ನು ತಿದ್ದಬೇಕಾಯಿತು. ಕನ್ನಡದಲ್ಲಿ ಬರೆದರೆ ಬಾಗಿಲಲ್ಲಿ ನಿಂತ ಮೋಟಾರು ವಾಹನದ ನೆನಪಾಗುತ್ತದೆ ಎಂಬುದು ನಿಜ, ಆದರೆ ಅದಕ್ಕೆ ನಾನೇನೂ ಮಾಡಲಾರೆ. ಅವರು ಹುಟ್ಟಿದ್ದು 1921ರ ಸೆಪ್ಟೆಂಬರ್ 30ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡಿದ್ದ ಸೈನಿಕ. ತೆರೆಯ ಮೇಲೆ ಅವರು ಇಂಗ್ಲಿಷ್ ಶಿಷ್ಟಾಚಾರದ ಪ್ರತಿಮೆಯಂತೆ ಕಂಡರೂ ಹುಟ್ಟಿನಿಂದ ಸ್ಕಾಟಿಷ್ ಮಹಿಳೆ.

ಪ್ರಶ್ನೆ: ಅವರು ಮೊದಲು ನರ್ತಕಿಯಾಗಿದ್ದರು ಎಂದು ಕೇಳಿದ್ದೇನೆ. ಚಿತ್ರರಂಗಕ್ಕೆ ಬಂದದ್ದು ಹೇಗೆ? (ಓದುಗರು, ಧಾರವಾಡ)

ಉತ್ತರ: ಕೇಳಿದ್ದು ಸರಿ. ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ಸಂಸ್ಥೆಯಲ್ಲಿ ಬ್ಯಾಲೆ ಕಲಿತು, 1938ರಲ್ಲಿ ‘ಪ್ರೊಮೀಥಿಯಸ್’ ನೃತ್ಯರೂಪಕದ ಗುಂಪಿನಲ್ಲಿ ಒಬ್ಬರಾಗಿ ಅವರು ರಂಗವೇರಿದ್ದರು. ನೃತ್ಯ ತಮ್ಮ ದಾರಿಯಲ್ಲವೆಂದು ಬೇಗನೆ ಅರಿವಾಗಿ ನಾಟಕದತ್ತ ಹೊರಳಿದರು. ಬ್ರಿಸ್ಟಲ್ಲಿನಲ್ಲಿ ಅವರ ಸೋದರತ್ತೆಯೊಬ್ಬರು ನಾಟಕಶಾಲೆ ನಡೆಸುತ್ತಿದ್ದುದು ಅನುಕೂಲವಾಯಿತು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಬಯಲು ರಂಗಮಂದಿರದಲ್ಲಿ ಷೇಕ್ಸ್‌ಪಿಯರ್ ನಾಟಕಗಳ ಸಣ್ಣಪುಟ್ಟ ಪಾತ್ರಗಳನ್ನೂ ಮಾಡಿದರು. 1940ರ ‘ಕಾಂಟ್ರಾಬ್ಯಾಂಡ್’ ಚಿತ್ರದಲ್ಲಿ ಒಂದು ಚಿಕ್ಕ ಪಾತ್ರ ಸಿಕ್ಕಿತಾದರೂ ಸಂಕಲನದ ಮೇಜಿನ ಮೇಲೆ ಅದು ಕತ್ತರಿಗೆ ಬಲಿಯಾಯಿತು. ಬರ್ನಾರ್ಡ್ ಶಾ ಅವರ ನಾಟಕವನ್ನು ಆಧರಿಸಿ ಗೇಬ್ರಿಯಲ್ ಪ್ಯಾಸ್ಕಲ್ ತೆಗೆದ ‘ಮೇಜರ್ ಬಾರ್ಬರಾ’ ಚಿತ್ರದ ಜೆನ್ನಿ ಹಿಲ್ ಪಾತ್ರದಲ್ಲಿ, 1941ರಲ್ಲಿ, ಜನ ಅವರನ್ನು ಮೊದಲು ಕಂಡರು. ಅದೇ ವರ್ಷ ‘ಲವ್ ಆನ್ ದಿ ಡೋಲ್’ ಚಿತ್ರದಲ್ಲಿ, ನಿರುದ್ಯೋಗದಿಂದ ಕಂಗೆಟ್ಟ ಸ್ಯಾಲ್ಫರ್ಡ್ ಪಟ್ಟಣದ ಕಾರ್ಮಿಕ ಮನೆತನದ ಮಗಳಾಗಿ ನಾಯಕಿಯಾದರು. ಮುಂದೆ ‘ಗೌರವಸ್ಥ ಮಹಿಳೆ’ ಎಂಬ ಚೌಕಟ್ಟಿನಲ್ಲಿ ಸಿಕ್ಕಿಬಿದ್ದ ನಟಿ, ಹಸಿವಿನ ಮನೆಯ ಹುಡುಗಿಯಾಗಿ ಹೆಸರು ಮಾಡಿದರೆಂಬುದನ್ನು ನಾವು ಮರೆಯಬಾರದು.

ಮೈಕಲ್ ಪವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಎಂಬ ನಿರ್ದೇಶಕ ಜೋಡಿ ಕಾರ್ ಅವರ ಶಕ್ತಿಯನ್ನು ಸರಿಯಾಗಿ ಗುರುತಿಸಿತು. ಈ ಜೋಡಿಯ ‘ದಿ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್’ ಚಿತ್ರ ತೆರೆಕಂಡದ್ದು 1943ರಲ್ಲಿ. ಬ್ರಿಟಿಷ್ ಸೈನ್ಯಾಧಿಕಾರಿಯೊಬ್ಬನ ನಲವತ್ತು ವರ್ಷಗಳ ಬದುಕನ್ನು ಹೇಳುವ ಈ ಚಿತ್ರವನ್ನು ಯುದ್ಧದ ನಡುವೆ ತೆಗೆಯುವುದೇ ಬೇಡವೆಂದು ಪ್ರಧಾನಿ ಚರ್ಚಿಲ್ ವಿರೋಧಿಸಿದ್ದರು. ನಾಯಕಿಯಾಗಬೇಕಿದ್ದ ವೆಂಡಿ ಹಿಲ್ಲರ್ ಗರ್ಭಿಣಿಯಾದ್ದರಿಂದ ಹಿಂದೆ ಸರಿದರು. ಅವಕಾಶ ಇಪ್ಪತ್ತೊಂದರ ಆಸುಪಾಸಿನ ಕಾರ್ ಅವರಿಗೆ ಬಂತು, ಅದೂ ಒಂದಲ್ಲ, ಮೂರು ಪಾತ್ರಗಳ ಅವಕಾಶ: 1902ರ ಬರ್ಲಿನ್ನಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಎಡಿತ್, ಮೊದಲ ಮಹಾಯುದ್ಧದ ಕಾಲದ ದಾದಿ ಬಾರ್ಬರಾ, ಎರಡನೆಯ ಯುದ್ಧದಲ್ಲಿ ಸೈನ್ಯದ ವಾಹನ ಓಡಿಸುವ ಏಂಜೆಲಾ. ನಾಯಕ ಕಳೆದುಕೊಂಡ ಪ್ರೇಮದ ಮುಖವನ್ನೇ ಬದುಕಿನುದ್ದಕ್ಕೂ ಅರಸುತ್ತಾನೆ ಎಂಬುದು ಕಥೆಯ ಸೂತ್ರ. ಹೀಗಾಗಿ ಮೂವರೂ ಒಂದೇ ಮುಖದವರಾಗಿರಬೇಕು, ಆದರೆ ಮೂವರೂ ಬೇರೆಬೇರೆ ತಲೆಮಾರಿನ ಹೆಣ್ಣುಗಳಾಗಿರಬೇಕು. ನಡಿಗೆ, ಮಾತಿನ ಓಟ, ಗಂಡಸರನ್ನು ನೇರವಾಗಿ ನೋಡುವ ಧೈರ್ಯ ಇವುಗಳಲ್ಲೇ ಅವರು ಆ ವ್ಯತ್ಯಾಸವನ್ನು ತೋರಿಸಿದ ರೀತಿಯು ಇಂದಿಗೂ ಅಭಿನಯದ ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ಪ್ರಶ್ನೆ: ನಮ್ಮ ಮೈಸೂರು ಸೀಮೆಯ ಸಾಬು ಅವರೊಂದಿಗೆ ಡೆಬೊರಾ ಕಾರ್ ನಟಿಸಿದ್ದರು ಎಂದು ತಾತ ಹೇಳುತ್ತಿದ್ದರು. ಆ ಚಿತ್ರ ಯಾವುದು? ಅದು ಹಿಮಾಲಯದಲ್ಲಿ ಚಿತ್ರೀಕರಣವಾಯಿತೇ? (ಓದುಗರು, ಹೆಗ್ಗಡದೇವನಕೋಟೆ)

ಉತ್ತರ: ನಿಮ್ಮ ತಾತ ಹೇಳಿದ್ದು ನಿಜ. ಚಿತ್ರದ ಹೆಸರು ‘ಬ್ಲ್ಯಾಕ್ ನಾರ್ಸಿಸಸ್’, ವರ್ಷ 1947. ನಿಮ್ಮ ಭಾಗದ ಕಾರಾಪುರದಲ್ಲಿ, ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತರೊಬ್ಬರ ಮಗನಾಗಿ ಹುಟ್ಟಿದ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆ ಪರಿಚಿತನಾದ ಹುಡುಗ. ಹತ್ತು ವರ್ಷಗಳ ನಂತರದ ಈ ಚಿತ್ರದಲ್ಲಿ ಅವರು ರೇಷ್ಮೆ ಮತ್ತು ಒಡವೆ ತೊಟ್ಟು, ಕ್ರೈಸ್ತ ಸನ್ಯಾಸಿನಿಯರ ಬಳಿ ಪಾಠ ಹೇಳಿಸಿಕೊಳ್ಳಲು ಬರುವ ಯುವ ಜನರಲ್. ಚಿತ್ರದ ಹೆಸರು ಬಂದದ್ದೂ ಅವರ ಪಾತ್ರದಿಂದಲೇ: ಆ ತರುಣ ಲಂಡನ್ನಿನ ಅಂಗಡಿಯಿಂದ ತರಿಸಿಕೊಂಡು ಬಳಿದುಕೊಳ್ಳುವ ಸುಗಂಧದ ಹೆಸರು ಅದು.

ಹಿಮಾಲಯದ ಪ್ರಶ್ನೆಗೆ ಉತ್ತರ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಚಿತ್ರತಂಡ ಭಾರತದತ್ತ ಸುಳಿಯಲೇ ಇಲ್ಲ. ಬಹುಪಾಲು ಚಿತ್ರ ಲಂಡನ್ನಿನ ಹೊರವಲಯದ ಪೈನ್‌ವುಡ್ ಸ್ಟುಡಿಯೊದಲ್ಲಿ ತಯಾರಾಯಿತು. ಕಾಡಿನ ಕೆಲವು ದೃಶ್ಯಗಳನ್ನು ಸಸೆಕ್ಸ್ ಪ್ರಾಂತ್ಯದ ಲಿಯೊನಾರ್ಡ್ಸ್‌ಲೀ ಎಂಬ ತೋಟದಲ್ಲಿ ತೆಗೆದರು. ಎದೆ ಝಲ್ಲೆನಿಸುವ ಆ ಕಣಿವೆ, ಹಿಮದ ಶಿಖರಗಳು, ಪ್ರಪಾತದ ಅಂಚಿನ ಗಂಟೆ ಎಲ್ಲವೂ ಕಲಾವಿದರು ಬರೆದ ಚಿತ್ರಗಳು ಮತ್ತು ಸೆಟ್ಟಿನ ಕೌಶಲ. ಛಾಯಾಗ್ರಹಣಕ್ಕೆ ಜಾಕ್ ಕಾರ್ಡಿಫ್, ಕಲಾ ನಿರ್ದೇಶನಕ್ಕೆ ಆಲ್ಫ್ರೆಡ್ ಯುಂಗೆ ಆಸ್ಕರ್ ಪಡೆದದ್ದು ಸುಮ್ಮನೆ ಅಲ್ಲ.

ಇಂತಹ ಬಣ್ಣಗಳ ಹಬ್ಬದ ನಡುವೆ ನಾಯಕಿಗೆ ಉಳಿದದ್ದು ಮುಖ ಮಾತ್ರ. ಮಠದ ಮುಖ್ಯಸ್ಥೆ ಸಿಸ್ಟರ್ ಕ್ಲೊಡಾ ಪಾತ್ರದ ಕಾರ್ ಅವರ ಕೂದಲು, ಕೊರಳು, ಮೈಯ ಯಾವ ಚಲನೆಯೂ ಆ ಬಿಳಿಯ ನಿಲುವಂಗಿಯಿಂದ ಹೊರಗೆ ಕಾಣುವುದಿಲ್ಲ. ಐರ್ಲೆಂಡಿನಲ್ಲಿ ಕೈಬಿಟ್ಟುಹೋದ ಪ್ರೇಮದ ನೋವನ್ನು ಸನ್ಯಾಸದಲ್ಲಿ ಹೂತಿಟ್ಟು ಬಂದವಳು ಅವಳು. ಆ ಬೆಟ್ಟದ ಗಾಳಿಗೆ ಹೂತಿಟ್ಟದ್ದೆಲ್ಲ ಮೇಲೆದ್ದು ಬರುತ್ತದೆ. ಕ್ರಿಸ್‌ಮಸ್ ಪ್ರಾರ್ಥನೆಯ ನಡುವೆ ಹಳೆಯ ನೆನಪೊಂದು ಬಂದು ಅವಳ ಮುಖ ಅರಳುವುದನ್ನೂ, ಮರುಗಳಿಗೆಯಲ್ಲಿ ಅವಳು ಅದನ್ನು ಒಳಗೆ ಎಳೆದುಕೊಳ್ಳುವುದನ್ನೂ ನೋಡಿದಾಗ, ಈ ನಟಿಯ ಇಡೀ ವೃತ್ತಿಜೀವನದ ಗುಟ್ಟು ಕೈಗೆ ಸಿಕ್ಕಿದಂತಾಗುತ್ತದೆ. ನಮ್ಮಲ್ಲಿ ‘ಒಳಗುದಿ’ ಎಂಬ ಮಾತಿದೆಯಲ್ಲ, ಕಾರ್ ಅಭಿನಯಿಸುತ್ತಿದ್ದುದು ಅದನ್ನು. ಅಮೆರಿಕದಲ್ಲಿ ಕ್ಯಾಥೊಲಿಕ್ ನೈತಿಕ ಮಂಡಳಿಯೊಂದರ ಒತ್ತಡದಿಂದ ಈ ನೆನಪಿನ ದೃಶ್ಯಗಳಿಗೇ ಕತ್ತರಿ ಬಿತ್ತು. ಆ ಮಂಡಳಿಯವರಿಗೆ ಚಿತ್ರದ ಮರ್ಮ ಚೆನ್ನಾಗಿಯೇ ಅರ್ಥವಾಗಿತ್ತೆಂದು ತೋರುತ್ತದೆ!

ಒಂದು ಆಕ್ಷೇಪವನ್ನು ಹೇಳದೆ ಮುಂದೆ ಹೋಗಲಾರೆ. ಭಾರತೀಯ ಹುಡುಗಿ ಕಾಂಚಿಯ ಪಾತ್ರವನ್ನು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಮಾಡಿದವರು ಇಂಗ್ಲಿಷ್ ನಟಿ ಜೀನ್ ಸಿಮನ್ಸ್. ಸ್ಥಳೀಯರೆಲ್ಲ ಈ ಕಥೆಯಲ್ಲಿ ಸನ್ಯಾಸಿನಿಯರ ತಳಮಳಕ್ಕೆ ಹಿನ್ನೆಲೆಯಾಗಿ ನಿಲ್ಲುತ್ತಾರೆಯೇ ಹೊರತು ತಾವೇ ಮನುಷ್ಯರಾಗಿ ಬರುವುದು ಕಡಿಮೆ. ನಮಗೆ ಸ್ವಾತಂತ್ರ್ಯ ಬಂದ ವರ್ಷವೇ ತೆರೆಕಂಡ ಚಿತ್ರವನ್ನು ಈ ಎಚ್ಚರದೊಂದಿಗೆ ನೋಡುವುದು ಒಳ್ಳೆಯದು.

ಪ್ರಶ್ನೆ: ‘ದಿ ಕಿಂಗ್ ಅಂಡ್ ಐ’ ಚಿತ್ರದ ಹಾಡುಗಳನ್ನು ಡೆಬೊರಾ ಅವರೇ ಹಾಡಿದ್ದಾರೆಯೇ? (ಓದುಗರು, ಬೆಂಗಳೂರು)

ಉತ್ತರ: ಇಲ್ಲ. ಹಾಡಿದವರು ಮಾರ್ನಿ ನಿಕ್ಸನ್. ಹಿನ್ನೆಲೆ ಗಾಯಕರ ಹೆಸರನ್ನು ನಾಯಕ ನಟರ ಹೆಸರಿನಷ್ಟೇ ಅಭಿಮಾನದಿಂದ ಹೇಳುವ ನಮಗೆ ಇದರಲ್ಲಿ ವಿಶೇಷವೇನೂ ಕಾಣದು. ಹಾಲಿವುಡ್‌ನಲ್ಲಿ ಮಾತ್ರ ಇದು ಮುಚ್ಚಿಡಬೇಕಾದ ಸಂಗತಿಯಾಗಿತ್ತು. ನಿಕ್ಸನ್ ಅವರ ಹೆಸರು ಚಿತ್ರದ ಶೀರ್ಷಿಕೆಗಳಲ್ಲಿ ಬರಲೇ ಇಲ್ಲ. ಈ ಇಬ್ಬರೂ ಒಟ್ಟಿಗೆ ನಿಂತು ಅಭ್ಯಾಸ ಮಾಡಿದ ಕ್ರಮ ಕುತೂಹಲಕರವಾಗಿದೆ. ನಟಿಯ ಹಾವಭಾವ ಮತ್ತು ಉಸಿರಿನ ಏರಿಳಿತವನ್ನು ಗಾಯಕಿ ಪಕ್ಕದಲ್ಲೇ ನಿಂತು ಗಮನಿಸುತ್ತಿದ್ದರು. ಒಂದು ಹಾಡಿನಲ್ಲಂತೂ ಮಾತಿನ ಧಾಟಿಯ ಸಾಲುಗಳು ಕಾರ್ ಅವರವು, ರಾಗಕ್ಕೆ ಏರುವ ಸಾಲುಗಳು ನಿಕ್ಸನ್ ಅವರವು. ಎರಡರ ಬೆಸುಗೆ ಎಲ್ಲಿದೆಯೆಂದು ಕಿವಿಗೊಟ್ಟು ಹುಡುಕಿದರೂ ಸಿಗುವುದಿಲ್ಲ. ಮರುವರ್ಷದ ‘ಆನ್ ಅಫೇರ್ ಟು ರಿಮೆಂಬರ್’ ಚಿತ್ರದಲ್ಲೂ ಅವರಿಗೆ ಹಾಡಿದವರು ನಿಕ್ಸನ್ ಅವರೇ.

ಪ್ರಾಸಂಗಿಕವಾಗಿ ಒಂದು ಮಾತು. ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ರಾಜನ ಮಕ್ಕಳಿಗೆ ಪಾಠ ಹೇಳಲು ಹೋಗುವ ಅನ್ನಾ ಎಂಬ ಅಪ್ಪಟ ಬ್ರಿಟಿಷ್ ಶಿಕ್ಷಕಿಯಾಗಿ ಕಾರ್ ಕಾಣಿಸಿಕೊಳ್ಳುತ್ತಾರೆ. ಆದರೆ ಚರಿತ್ರೆಯ ನಿಜವಾದ ಅನ್ನಾ ಲಿಯೊನೊವೆನ್ಸ್ ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ. ಅದನ್ನು ಆಕೆ ಬದುಕಿರುವವರೆಗೂ ಮರೆಮಾಚಿದ್ದರು.

ಪ್ರಶ್ನೆ: ಸಮುದ್ರದ ಅಲೆಗಳ ನಡುವಿನ ಆ ಚುಂಬನದ ದೃಶ್ಯದಿಂದಲೇ ಅವರು ಪ್ರಸಿದ್ಧರಲ್ಲವೇ? ಗಂಭೀರ ನಟಿಯೆಂದು ನೀವು ಹೊಗಳುವುದೇಕೆ? (ಓದುಗರು, ಹುಬ್ಬಳ್ಳಿ)

ಉತ್ತರ: ಪ್ರಶ್ನೆಯಲ್ಲಿ ಸ್ವಲ್ಪ ಖಾರವಿದೆ, ಇರಲಿ. ನೀವು ಹೇಳುತ್ತಿರುವುದು ಫ್ರೆಡ್ ಜಿನ್ನೆಮನ್ ನಿರ್ದೇಶನದ, 1953ರ ‘ಫ್ರಮ್ ಹಿಯರ್ ಟು ಎಟರ್ನಿಟಿ’ ಚಿತ್ರದ ದೃಶ್ಯ. ಹವಾಯಿಯ ಒವಾಹು ದ್ವೀಪದ ಹಲೋನಾ ಎಂಬ ಪುಟ್ಟ ಕೊಲ್ಲಿಯಲ್ಲಿ ಅದನ್ನು ತೆಗೆದರು. ಆದರೆ ಆ ಪಾತ್ರಕ್ಕೆ ಅವರು ಬಂದ ಬಗೆಯನ್ನು ಮೊದಲು ತಿಳಿಯಬೇಕು.

ಎಂಜಿಎಂ ಸಂಸ್ಥೆಯು ಅವರನ್ನು ಆರು ವರ್ಷ ಅಲಂಕಾರದ ಗೊಂಬೆಯಾಗಿಯೇ ಹೆಚ್ಚು ಬಳಸಿಕೊಂಡಿತು. ‘ಕಿಂಗ್ ಸಾಲೊಮನ್ಸ್ ಮೈನ್ಸ್’ ಚಿತ್ರದಲ್ಲಿ ಆಫ್ರಿಕದ ಕಾಡು ಅಲೆಯುವ ಹೆಂಗಸು, ‘ಕ್ವೊ ವಾದಿಸ್’ ಚಿತ್ರದಲ್ಲಿ ರೋಮ್ ಸಾಮ್ರಾಜ್ಯದ ಭಕ್ತೆ, ‘ದಿ ಪ್ರಿಸನರ್ ಆಫ್ ಜೆಂಡಾ’ದಲ್ಲಿ ರಾಜಕುಮಾರಿ. ಹಣ ಬಂತು, ಹೆಸರೂ ಬಂತು, ನಟಿಸಲು ಮಾತ್ರ ಹೆಚ್ಚೇನೂ ಸಿಗಲಿಲ್ಲ. ಕೊಲಂಬಿಯಾ ಸಂಸ್ಥೆಯ ‘ಫ್ರಮ್ ಹಿಯರ್ ಟು ಎಟರ್ನಿಟಿ’ ಚಿತ್ರದ ಕ್ಯಾರನ್ ಹೋಮ್ಸ್ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಜೋನ್ ಕ್ರಾಫರ್ಡ್. ಅವರು ಬಿಟ್ಟ ಜಾಗಕ್ಕೆ, ಗಂಡನ ಬೆನ್ನ ಹಿಂದೆ ಬೇರೆ ಗಂಡಸರನ್ನು ಕೂಡುವವಳೆಂದು ಸೈನಿಕ ಠಾಣೆಯಲ್ಲೆಲ್ಲ ಮಾತಿಗೆ ಗುರಿಯಾದ ಅಮೆರಿಕನ್ ಹೆಂಗಸಿನ ಪಾತ್ರಕ್ಕೆ, ಈ ಸಂಕೋಚದ ಬ್ರಿಟಿಷ್ ನಟಿಯ ಹೆಸರನ್ನು ಸೂಚಿಸಿದಾಗ ನಕ್ಕವರೇ ಹೆಚ್ಚು. ಅವರು ಕೂದಲಿಗೆ ಹೊಂಬಣ್ಣ ಹಾಕಿಸಿಕೊಂಡು, ಅಮೆರಿಕನ್ ಉಚ್ಚಾರವನ್ನು ಪಾಠ ಹೇಳಿಸಿಕೊಂಡು ಕಲಿತು ಬಂದರು.

ಜನರ ನೆನಪಿನಲ್ಲಿ ಉಳಿದ ಚುಂಬನ ಕೆಲವೇ ಕ್ಷಣಗಳದ್ದು. ಅದರ ಬೆನ್ನಿಗೇ ಬರುವುದನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಬರ್ಟ್ ಲ್ಯಾಂಕ್ಯಾಸ್ಟರ್ ಪಾತ್ರದ ಸಾರ್ಜೆಂಟ್, ಅವಳ ಬದುಕಿನಲ್ಲಿ ಬಂದುಹೋದ ಇತರ ಗಂಡಸರ ಲೆಕ್ಕ ಕೇಳಿ ಅವಳ ಮನಸ್ಸನ್ನು ಮುರಿಯುತ್ತಾನೆ. ಆಗ ಅವಳು ತನ್ನ ಕಥೆ ಹೇಳುತ್ತಾಳೆ: ಹೆರಿಗೆಯ ನೋವು ಬಂದ ರಾತ್ರಿ ಗಂಡ ಕುಡಿದು ಬಂದು ಬಿದ್ದದ್ದು, ಮಗು ಉಳಿಯದೆ ಹೋದದ್ದು, ತಾನು ಇನ್ನೆಂದೂ ತಾಯಿಯಾಗಲಾರದವಳಾದದ್ದು. ಕಾರ್ ಆ ಮಾತುಗಳನ್ನು ಗೋಳಾಡದೆ, ಹಲ್ಲು ಕಚ್ಚಿ, ಬೇರೆ ಯಾರದೋ ಸುದ್ದಿ ಹೇಳುವವರಂತೆ ಹೇಳುತ್ತಾರೆ. ಗಂಭೀರ ನಟಿ ಎಂದು ನಾನು ಹೊಗಳುವುದು ಇದಕ್ಕಾಗಿ. ಸಿಸ್ಟರ್ ಕ್ಲೊಡಾ ನಿಲುವಂಗಿಯೊಳಗೆ ಮುಚ್ಚಿಟ್ಟದ್ದನ್ನೇ ಕ್ಯಾರನ್ ಈಜುಡುಪಿನಲ್ಲಿ ಮುಚ್ಚಿಟ್ಟುಕೊಂಡಿದ್ದಾಳೆ.

ಪ್ರಶ್ನೆ: ಆರು ಬಾರಿ ಆಸ್ಕರ್‌ಗೆ ಹೆಸರು ಸೂಚಿತವಾಗಿಯೂ ಒಮ್ಮೆಯೂ ಬರಲಿಲ್ಲವಂತೆ. ರಾಜಕೀಯವೇ? (ಓದುಗರು, ಮಂಗಳೂರು)

ಉತ್ತರ: ರಾಜಕೀಯವೆನ್ನಲು ನನಗೆ ಆಧಾರವಿಲ್ಲ. ‘ಎಡ್ವರ್ಡ್, ಮೈ ಸನ್’ (1949), ‘ಫ್ರಮ್ ಹಿಯರ್ ಟು ಎಟರ್ನಿಟಿ’ (1953), ‘ದಿ ಕಿಂಗ್ ಅಂಡ್ ಐ’ (1956), ‘ಹೆವನ್ ನೋಸ್, ಮಿಸ್ಟರ್ ಅಲಿಸನ್’ (1957), ‘ಸೆಪರೇಟ್ ಟೇಬಲ್ಸ್’ (1958), ‘ದಿ ಸನ್‌ಡೌನರ್ಸ್’ (1960) ಈ ಆರು ಚಿತ್ರಗಳಿಗಾಗಿ ಅವರ ಹೆಸರು ಪಟ್ಟಿಯಲ್ಲಿತ್ತು. ಗೆದ್ದವರು ಕ್ರಮವಾಗಿ ಒಲಿವಿಯಾ ಡಿ ಹ್ಯಾವಿಲೆಂಡ್, ಆಡ್ರಿ ಹೆಪ್‌ಬರ್ನ್, ಇಂಗ್ರಿಡ್ ಬರ್ಗ್‌ಮನ್, ಜೋಆನ್ ವುಡ್‌ವರ್ಡ್, ಸೂಸನ್ ಹೇವರ್ಡ್ ಮತ್ತು ಎಲಿಜಬೆತ್ ಟೇಲರ್. ಸಾಮಾನ್ಯರು ಯಾರೂ ಇಲ್ಲ. ಆದರೆ ವುಡ್‌ವರ್ಡ್ ಅವರದು ಒಂದೇ ದೇಹದಲ್ಲಿ ಮೂರು ವ್ಯಕ್ತಿತ್ವಗಳ ಪಾತ್ರ, ಹೇವರ್ಡ್ ಅವರದು ಮರಣದಂಡನೆಗೆ ಗುರಿಯಾದ ಹೆಂಗಸಿನ ಪಾತ್ರ. ಅಬ್ಬರಕ್ಕೆ ಮತ ಬೇಗ ಬೀಳುತ್ತದೆ. ಕಾರ್ ಅವರದು ಸದ್ದಿಲ್ಲದ ಕೆಲಸ. ನ್ಯೂಯಾರ್ಕಿನ ಚಿತ್ರ ವಿಮರ್ಶಕರ ಬಳಗ ಇದನ್ನು ಕಂಡುಕೊಂಡು 1947, 1957 ಮತ್ತು 1960ರಲ್ಲಿ, ಮೂರು ಸಲ, ವರ್ಷದ ಅತ್ಯುತ್ತಮ ನಟಿಯೆಂದು ಅವರನ್ನು ಆರಿಸಿತು.

ಆ ಸದ್ದಿಲ್ಲದ ಕೆಲಸಕ್ಕೆ ‘ದಿ ಸನ್‌ಡೌನರ್ಸ್’ ಚಿತ್ರದಿಂದ ಒಂದು ಉದಾಹರಣೆ. ಆಸ್ಟ್ರೇಲಿಯದ ಬಯಲಿನಲ್ಲಿ ಕುರಿಮಂದೆ ಅಟ್ಟಿಕೊಂಡು ಊರೂರು ತಿರುಗುವ ಕುಟುಂಬದ ಹೆಂಡತಿ ಐಡಾ. ಬಿಸಿಲಿಗೆ ಬೆಂದ ಮುಖದ ಅವಳು ರೈಲು ನಿಲ್ದಾಣದಲ್ಲಿ, ಕಿಟಕಿಯ ಬಳಿ ಕುಳಿತು ಮುಖ ಒಪ್ಪ ಮಾಡಿಕೊಳ್ಳುತ್ತಿರುವ ಸಿರಿವಂತ ಹೆಂಗಸನ್ನು ನೋಡುತ್ತಾಳೆ. ಇಬ್ಬರ ಕಣ್ಣು ಕೂಡುತ್ತವೆ. ಒಂದೂ ಮಾತಿಲ್ಲ. ತಾನು ಬದುಕಬಹುದಾಗಿದ್ದ ಇನ್ನೊಂದು ಬದುಕು ಎದುರಿಗೆ ಬಂದು, ರೈಲಿನೊಂದಿಗೆ ಹೊರಟುಹೋಗುತ್ತದೆ. ‘ಸೆಪರೇಟ್ ಟೇಬಲ್ಸ್’ ಚಿತ್ರದ ಕೊನೆಯಲ್ಲಿಯೂ ಇಂಥದೇ ಒಂದು ಗಳಿಗೆಯಿದೆ. ತಾಯಿಯ ದರ್ಪಕ್ಕೆ ನಲುಗಿದ ಅಂಜುಬುರುಕ ಮಗಳು, ಹೋಟೆಲಿನ ಊಟದ ಮನೆಯಲ್ಲಿ, ಎದ್ದು ಬಾ ಎಂದ ತಾಯಿಗೆ ‘ಇಲ್ಲ’ ಎನ್ನುತ್ತಾಳೆ. ಅಷ್ಟೇ ಅವಳ ಬಂಡಾಯ.

1994ರಲ್ಲಿ ಅಕಾಡೆಮಿಯು ಅವರಿಗೆ ಗೌರವ ಆಸ್ಕರ್ ನೀಡಿತು. ಆಗ ಅವರಿಗೆ 72 ವರ್ಷ. ವೇದಿಕೆಯ ಮೇಲೆ ಪ್ರಶಸ್ತಿ ಕೊಟ್ಟ ಗ್ಲೆನ್ ಕ್ಲೋಸ್ ಕೂಡ ಅಷ್ಟರೊಳಗೆ ಐದು ಬಾರಿ ಪಟ್ಟಿಯಲ್ಲಿದ್ದು ಬರಿಗೈಯಲ್ಲಿ ಮರಳಿದ್ದವರು.

ಪ್ರಶ್ನೆ: ಸನ್ಯಾಸಿನಿ, ಶಿಕ್ಷಕಿ ಇಂಥ ಪಾತ್ರಗಳೇ ಅವರಿಗೆ ಮತ್ತೆಮತ್ತೆ ಬಂದವಲ್ಲ, ಬೇಸರವಾಗಲಿಲ್ಲವೇ? (ಓದುಗರು, ಮೈಸೂರು)

ಉತ್ತರ: ಪಾತ್ರದ ಉಡುಪು ಒಂದೇ ಆದರೂ ಪಾತ್ರ ಒಂದೇ ಆಗಬೇಕಿಲ್ಲ. ಜಾನ್ ಹ್ಯೂಸ್ಟನ್ ಅವರು ಟೊಬೇಗೊ ದ್ವೀಪದಲ್ಲಿ ಚಿತ್ರೀಕರಿಸಿದ ‘ಹೆವನ್ ನೋಸ್, ಮಿಸ್ಟರ್ ಅಲಿಸನ್’ ಚಿತ್ರದ ಸಿಸ್ಟರ್ ಏಂಜೆಲಾ, ಯುದ್ಧಕಾಲದಲ್ಲಿ ಒಬ್ಬ ಒರಟು ಸೈನಿಕನೊಂದಿಗೆ ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದವಳು. ಆ ಸೈನಿಕ ರಾಬರ್ಟ್ ಮಿಚಮ್. ಇಲ್ಲಿ ಕ್ಲೊಡಾಳ ಅಹಂಕಾರವಿಲ್ಲ, ನಗುವಿದೆ, ತುಂಟತನವಿದೆ, ಅವನ ಪ್ರೇಮವನ್ನು ನೋಯಿಸದೆ ನಿರಾಕರಿಸುವ ಮೃದುತ್ವವಿದೆ.

ಶಿಕ್ಷಕಿಯ ಪಾತ್ರಕ್ಕೆ ಬಂದರೆ, ಅನ್ನಾಳ ಆತ್ಮವಿಶ್ವಾಸವನ್ನು ತಲೆಕೆಳಗು ಮಾಡಿದಂತೆ ಬರುವವಳು ‘ದಿ ಇನ್ನೊಸೆಂಟ್ಸ್’ (1961) ಚಿತ್ರದ ಮಿಸ್ ಗಿಡ್ಡೆನ್ಸ್. ಹೆನ್ರಿ ಜೇಮ್ಸ್ ಅವರ ನೀಳ್ಗತೆಯನ್ನು ಆಧರಿಸಿ ಜಾಕ್ ಕ್ಲೇಟನ್ ನಿರ್ದೇಶಿಸಿದ ಈ ಚಿತ್ರವೇ ಕಾರ್ ಅವರ ಶಿಖರವೆಂದು ನಾನು ನಂಬಿದ್ದೇನೆ. ಇಬ್ಬರು ಅನಾಥ ಮಕ್ಕಳನ್ನು ನೋಡಿಕೊಳ್ಳಲು ಹಳೆಯ ಬಂಗಲೆಗೆ ಬಂದ ಈ ಶಿಕ್ಷಕಿಗೆ ಸತ್ತವರು ಕಾಣಿಸತೊಡಗುತ್ತಾರೆ. ದೆವ್ವಗಳು ನಿಜವೋ, ಅವಳ ಅದುಮಿಟ್ಟ ಮನಸ್ಸಿನ ಸೃಷ್ಟಿಯೋ ಎಂಬುದನ್ನು ಚಿತ್ರ ಹೇಳುವುದಿಲ್ಲ. ಎರಡೂ ಸಾಧ್ಯವೆನಿಸುವಂತೆ ನಟಿಸಬೇಕು, ಎಲ್ಲಿಯೂ ಒಂದು ಕಡೆಗೆ ವಾಲಬಾರದು. ಅಷ್ಟು ಕಠಿಣವಾದ ಹಗ್ಗದ ಮೇಲಿನ ನಡಿಗೆಯನ್ನು ಅವರು ಮಾಡಿ ತೋರಿಸಿದರು. ಸಿನಿಮಾಸ್ಕೋಪ್ ತೆರೆಯ ಅಗಲ ಈ ಕಥೆಗೆ ಹೆಚ್ಚಾಯಿತೆಂದು ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್, ಅಂಚುಗಳು ಕಪ್ಪಾಗುವಂತೆ ಕೈಯಲ್ಲೇ ಬಣ್ಣ ಬಳಿದ ಗಾಜುಗಳನ್ನು ಕ್ಯಾಮೆರಾಕ್ಕೆ ಹಾಕಿದರು. ಹೀಗಾಗಿ ಮೊಂಬತ್ತಿ ಹಿಡಿದು ಓಡಾಡುವ ಆ ಮುಖದ ಸುತ್ತ ಕತ್ತಲೆಯು ಯಾವಾಗಲೂ ಹೊಂಚು ಹಾಕಿದಂತಿರುತ್ತದೆ. ಈ ಅಭಿನಯಕ್ಕೆ ಆಸ್ಕರ್ ಪಟ್ಟಿಯಲ್ಲಿ ಹೆಸರೂ ಬರಲಿಲ್ಲ. ಹಿಂದಿನ ಆರು ಸೋಲುಗಳಿಗಿಂತ ಇದೇ ನನಗೆ ಹೆಚ್ಚು ಬೇಸರ ತರಿಸುವ ವಿಷಯ.

ಪ್ರಶ್ನೆ: 1970ರ ನಂತರ ಅವರು ಏನು ಮಾಡಿದರು? (ಓದುಗರು, ದಾವಣಗೆರೆ)

ಉತ್ತರ: 1969ರಲ್ಲಿ ‘ದಿ ಜಿಪ್ಸಿ ಮಾತ್ಸ್’ ಮತ್ತು ಇಲಿಯಾ ಕಜಾನ್ ಅವರ ‘ದಿ ಅರೇಂಜ್‌ಮೆಂಟ್’ ತೆರೆಕಂಡ ಮೇಲೆ ಅವರು ಹಿರಿತೆರೆಯಿಂದ ದೂರವಾದರು. ಚಿತ್ರಗಳಲ್ಲಿ ಹೆಚ್ಚುತ್ತಿದ್ದ ಹಿಂಸೆ ಮತ್ತು ನಗ್ನತೆ ಅವರಿಗೆ ಹಿಡಿಸಿರಲಿಲ್ಲ. ರಂಗಭೂಮಿಗೆ ಮರಳಿದರು, ಎಂಬತ್ತರ ದಶಕದಲ್ಲಿ ‘ಎ ವುಮನ್ ಆಫ್ ಸಬ್‌ಸ್ಟೆನ್ಸ್’ ಮೊದಲಾದ ದೂರದರ್ಶನ ಧಾರಾವಾಹಿಗಳಲ್ಲಿ ಕಾಣಿಸಿಕೊಂಡರು. ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿ, 2007ರ ಅಕ್ಟೋಬರ್ 16ರಂದು ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದಲ್ಲಿ ತೀರಿಕೊಂಡರು. ಪತಿ, ಲೇಖಕ ಪೀಟರ್ ವೀರ್ಟೆಲ್, ಮೂರು ವಾರ ಕಳೆಯುವುದರೊಳಗೆ ಅವರನ್ನು ಹಿಂಬಾಲಿಸಿದರು.

ಹಿರಿತೆರೆಗೆ ಅವರು ಕೊನೆಯದಾಗಿ ಬಂದದ್ದು 1985ರ ‘ದಿ ಅಸ್ಸಾಮ್ ಗಾರ್ಡನ್’ ಚಿತ್ರದಲ್ಲಿ. ಅಸ್ಸಾಮಿನ ಚಹಾ ತೋಟದಲ್ಲಿ ಬಾಳಿ ಇಂಗ್ಲೆಂಡಿಗೆ ಹಿಂತಿರುಗಿದ ವಿಧವೆ ಹೆಲೆನ್, ಗಂಡ ಬೆಳೆಸಿದ್ದ ತೋಟವನ್ನು ಉಳಿಸಿಕೊಳ್ಳಲು ಹೆಣಗುತ್ತಾಳೆ. ಅವಳಿಗೆ ನೆರವಾಗುವ ನೆರೆಮನೆಯ ಭಾರತೀಯ ಹೆಂಗಸಿನ ಪಾತ್ರದಲ್ಲಿ ಮಧುರ್ ಜಾಫ್ರಿ ಇದ್ದಾರೆ. ‘ಬ್ಲ್ಯಾಕ್ ನಾರ್ಸಿಸಸ್’ ಬಗ್ಗೆ ನಾನು ಮೇಲೆ ಎತ್ತಿದ ಆಕ್ಷೇಪ ಈ ಚಿತ್ರಕ್ಕೆ ತಟ್ಟುವುದಿಲ್ಲ. ಇಲ್ಲಿ ಭಾರತೀಯಳಿಗೂ ತನ್ನದೇ ಊರಿನ ಹಂಬಲವಿದೆ, ಇಬ್ಬರು ಮುದಿಯಾಗುತ್ತಿರುವ ಹೆಂಗಸರ ಸ್ನೇಹ ಮತ್ತು ಮುನಿಸುಗಳು ಸರಿಸಮವಾಗಿ ನಡೆಯುತ್ತವೆ.

ಪ್ರಶ್ನೆ: ಮೂರೇ ಚಿತ್ರಗಳನ್ನು ನೋಡಲು ಬಿಡುವಿದೆ. ಯಾವುವನ್ನು ನೋಡಲಿ? (ಓದುಗರು, ಕಾರವಾರ)

ಉತ್ತರ: ಮೊದಲು ‘ಬ್ಲ್ಯಾಕ್ ನಾರ್ಸಿಸಸ್’, ಆಮೇಲೆ ‘ದಿ ಸನ್‌ಡೌನರ್ಸ್’, ಕೊನೆಗೆ ‘ದಿ ಇನ್ನೊಸೆಂಟ್ಸ್’. ಮೊದಲನೆಯದನ್ನು ಫೋನಿನ ಪುಟ್ಟ ತೆರೆಯಲ್ಲಿ ನೋಡಬೇಡಿ, ಬಣ್ಣಗಳೆಲ್ಲ ವ್ಯರ್ಥವಾದಾವು. ಮೂರನೆಯದನ್ನು ಮನೆಯವರೆಲ್ಲ ಮಲಗಿದ ಮೇಲೆ, ದೀಪ ಆರಿಸಿ, ಧ್ವನಿಯನ್ನು ಸ್ವಲ್ಪ ಹೆಚ್ಚಿಟ್ಟುಕೊಂಡು ನೋಡಿ.